ಬೇಕಂತಲೇ ಮಾಡಿದ ಗರಗರ

ಕೈಕೆಲಸ ಬಲ್ಲವನಿಗೆ ಒಂದು ಕಾಯಿಲೆ ಇರುತ್ತದೆ. ಎಲ್ಲಿ ಹೋದರೂ ಏನು ಕೆಟ್ಟಿದೆ ಎಂದೇ ಹುಡುಕುತ್ತಾನೆ. ದೇವಸ್ಥಾನದಲ್ಲಿ ಕೈಮುಗಿದು ನಿಂತರೂ ನನ್ನ ಕಿವಿ ಮಂತ್ರವನ್ನು ಬಿಟ್ಟು ಮೈಕಿನ ಕಡೆ ಹೋಗುತ್ತದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಉಡುಪಿಯಿಂದ ಬೊಂಬಾಯಿಗೆ, ಅಲ್ಲಿಂದ ನೈರೋಬಿಗೆ ಬಂದು ನ್ಗಾರಾ ಪೇಟೆಯಲ್ಲಿ ರೇಡಿಯೊ ರಿಪೇರಿ ಅಂಗಡಿ ಇಟ್ಟೆ. ಈಗ ಹೇಳುವ ಸಂಗತಿ ನಡೆಯುವ ಹೊತ್ತಿಗೆ ಹದಿನೆಂಟು ವರ್ಷವಾಗಿತ್ತು, ನನ್ನ ಕೈ ಮುಟ್ಟಿದ ಒಂದು ಸೆಟ್ಟೂ ಅದೇ ದೂರು ಹೊತ್ತು ವಾಪಸ್ ಬಂದಿರಲಿಲ್ಲ. ಈ ಮಾತನ್ನು ಕೇಳದವರಿಗೂ ಹೇಳಿದ್ದೇನೆ.

ಕ್ಯಾಸೆಟ್ಟುಗಳು ಬಂದು ರೆಕಾರ್ಡುಗಳೆಲ್ಲ ಮೂಲೆ ಸೇರುತ್ತಿದ್ದ ಕಾಲ. ಹೈಸ್ಕೂಲಿನಲ್ಲಿದ್ದ ಮಗಳು ಪ್ರತಿಮಾ ಒಂದು ಶನಿವಾರ ಗೆಳತಿಯ ಮನೆಯಿಂದ ರೆಕಾರ್ಡೊಂದನ್ನು ತಂದಳು. ಜಗತ್ತೆಲ್ಲ ಕೊಂಡಾಡುವ ಯಾವುದೋ ರಾಕ್ ತಂಡದ ಮೊಟ್ಟಮೊದಲ ರೆಕಾರ್ಡಂತೆ. ಅದರ ವಿಮರ್ಶೆ ಬರೆದು ಸೋಮವಾರ ಶಾಲೆಯ ಪತ್ರಿಕೆಗೆ ಕೊಡಬೇಕು, ಜೊತೆಗೆ ಮನೆಯ ಹಿರಿಯರೊಬ್ಬರ ಅಭಿಪ್ರಾಯವನ್ನೂ ಸೇರಿಸಬೇಕು. "ಡ್ಯಾಡಿ, ನೀವೇ ಹೇಳ್ಬೇಕು" ಎಂದಳು. ನನ್ನ ಅಭಿಪ್ರಾಯ ಅಚ್ಚಾಗುವುದೆಂದರೆ! ಒಗೆದ ಅಂಗಿ ಹಾಕಿಕೊಂಡು, ನಾನೇ ಕಟ್ಟಿದ ರೆಕಾರ್ಡ್ ಪ್ಲೇಯರ್ ಸೆಟ್ಟಿನ ಮುಂದೆ ಗಂಭೀರವಾಗಿ ಕುಳಿತೆ.

ಮೊದಲ ಹಾಡು ಶುರುವಾಗಿ ಒಂದು ನಿಮಿಷವಾಗಿರಲಿಲ್ಲ, ಎದ್ದು ಸ್ವಿಚ್ ಆರಿಸಿಬಿಟ್ಟೆ. ಗಿಟಾರ್ ಬಂದಲ್ಲೆಲ್ಲ ಗರಗರ ಎನ್ನುತ್ತಿತ್ತು. ಸ್ಪೀಕರ್ ಹರಿದಿದೆ ಅಂದುಕೊಂಡೆ. ಬಿಚ್ಚಿ ಹೊಸದು ಹಾಕಿದೆ. ಗರಗರ ಹೋಗಲಿಲ್ಲ. ಕಂಡೆನ್ಸರ್ ಬದಲಿಸಿದೆ, ಸೂಜಿ ಬದಲಿಸಿದೆ, ಬೆಸುಗೆಗಳನ್ನೆಲ್ಲ ಮತ್ತೆ ಹಾಕಿದೆ. ಮಧ್ಯೆ ಮಧ್ಯೆ ಮಗಳು ಏನೋ ಹೇಳಲು ಬಂದಳು. "ಕೆಲಸದ ಹೊತ್ತಿಗೆ ಮಾತು ಬೇಡ" ಎಂದು ಗದರಿದೆ. ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅವಳ ಕಣ್ಣಲ್ಲಿ ನೀರಿತ್ತು.

"ಡ್ಯಾಡಿ, ಇಟ್ಸ್ ಸಪೋಸ್ಡ್ ಟು ಸೌಂಡ್ ಲೈಕ್ ದಟ್! ಬೇಕಂತಲೇ ಹಾಗೆ ಮಾಡ್ತಾರೆ."

"ಬೇಕಂತಲೇ? ಒಳ್ಳೇ ಸ್ಪೀಕರಿಗೆ ಈ ಗತಿ?"

"ಹೌದು. ಯೂ ಡಿಡಂಟ್ ಈವನ್ ಲಿಸನ್!"

ಆ ಮಾತು ನಾಟಿತು. ಒಂದೂವರೆ ದಿನದಿಂದ ಕಿವಿಗೊಟ್ಟದ್ದು ಸೆಟ್ಟಿಗೆ. ಹಾಡನ್ನು ಕೇಳಿಯೇ ಇರಲಿಲ್ಲ. ಸ್ಕ್ರೂಡ್ರೈವರ್ ಕೆಳಗಿಟ್ಟು, ಎರಡೂ ಬದಿ ಕೇಳಿ, ತೀರ್ಪು ಕೊಟ್ಟೆ. ಅವಳು ಬರೆದುಕೊಂಡಳು. ಹಾಡುವವನು, ಸೀಟು ತುಂಬಿದ ಮೇಲೂ ಜನರನ್ನು ಕೂಗಿ ಕರೆಯುವ ಮಟಾಟು ವ್ಯಾನಿನ ಕಂಡಕ್ಟರಿನ ಹಾಗೆ. ಡ್ರಮ್ಮಿನವನು ದುಡಿಮೆಗಾರ, ಒಂದು ಏಟಿನಲ್ಲೂ ಕಳ್ಳತನವಿಲ್ಲ. ಅಂಥವನು ಸಿಕ್ಕರೆ ನಾಳೆಯೇ ಅಂಗಡಿಗೆ ಸೇರಿಸಿಕೊಳ್ಳುತ್ತೇನೆ. ಗಿಟಾರಿನವನಿಗೆ ವಿದ್ಯೆಯಿದೆ, ತಾಳ್ಮೆಯಿಲ್ಲ. ಗೊತ್ತಿದ್ದದ್ದನ್ನೆಲ್ಲ ಒಂದೇ ದಿನ ತೋರಿಸಬೇಕು. ಇಷ್ಟು ಹೇಳುವಾಗ ನಾನೇ ಕಟ್ಟಿದ ಮೊದಲ ರೇಡಿಯೊ ನೆನಪಾಯಿತು. ಅದಕ್ಕೆ ಒಂದು ಕೆಂಪು ದೀಪ, ಒಂದು ಹಸಿರು ದೀಪ ಇಟ್ಟಿದ್ದೆ. ಎರಡಕ್ಕೂ ಕೆಲಸವಿರಲಿಲ್ಲ.

ಕೊನೆಯ ಹಾಡು ಮಾತ್ರ ಮೆಲ್ಲಗಿತ್ತು. ತಂತಿಯ ಮೇಲೆ ಬೆರಳು ಜಾರಿದ ಸದ್ದು ಸಹ ಕೇಳುತ್ತಿತ್ತು. ನಾನಾಗಿದ್ದರೆ ಅಳಿಸುತ್ತಿದ್ದೆ. ಅವರು ಬಿಟ್ಟಿದ್ದರು. ಅದನ್ನು ಮೂರು ಸಲ ಹಾಕಿಸಿದೆ.

ನನ್ನ ಮಾತು ಅಚ್ಚಾಯಿತು. ಆ ಹಾಳೆ ಈಗಲೂ ಅಂಗಡಿಯ ಮೇಜಿನ ಗಾಜಿನಡಿಯಲ್ಲಿದೆ. ಅಂದು ನನಗೊಂದು ಜ್ಞಾನೋದಯವೂ ಆಯಿತು: ಎಲ್ಲ ಗರಗರವೂ ದೋಷವಲ್ಲ.

ತಿಂಗಳೊಳಗೆ ವೆಸ್ಟ್‌ಲ್ಯಾಂಡ್ಸ್ ಬಡಾವಣೆಯಿಂದ ಮೈಸೂರು ಕಡೆಯ ಲೆಕ್ಚರರ್ ಒಬ್ಬರು ರೇಡಿಯೊ ತಂದರು. ಗರಗರ ಅನ್ನುತ್ತದೆ ಎಂದರು. ಅವರೇ ಹಚ್ಚಿ ತೋರಿಸಿದರು, ಇಂಗ್ಲಿಷ್ ಹಾಡು ಬರುತ್ತಿತ್ತು, ಅದರಲ್ಲಿ ಗಿಟಾರ್. ನಾನು ನಕ್ಕೆ. "ಸರ್, ಇದು ಕೆಟ್ಟಿಲ್ಲ. ಅವರು ಬೇಕಂತಲೇ ಹಾಗೆ ಮಾಡ್ತಾರೆ. ಸ್ವಲ್ಪ ಕೇಳಿ ಅಭ್ಯಾಸ ಮಾಡ್ಕೊಳ್ಳಿ" ಎಂದು ಗಾಜಿನಡಿಯ ಹಾಳೆಯನ್ನೂ ತೋರಿಸಿ ಕಳಿಸಿದೆ.

ಮೂರನೇ ದಿನ ಅವರು ಮತ್ತೆ ಬಂದು ರೇಡಿಯೊವನ್ನು ಮೇಜಿನ ಮೇಲಿಟ್ಟರು, ಸರಿಯಾಗಿ ಆ ಹಾಳೆಯ ಮೇಲೆ.

"ಶೆಟ್ಟರೇ, ಇವತ್ತು ಬೆಳಿಗ್ಗೆ ವಾರ್ತೆ ಓದೋರೂ ಬೇಕಂತಲೇ ಹಾಗೆ ಓದಿದ್ರು."

ಬಿಚ್ಚಿದೆ. ಸ್ಪೀಕರ್ ಒಂದು ಬೆರಳುದ್ದ ಹರಿದಿತ್ತು. ಹೊಸದು ಹಾಕಿಕೊಟ್ಟೆ. ಸಂಜೆ ಮನೆಯಲ್ಲಿ ಈ ಸಂಗತಿ ಹೇಳಿದಾಗ ಪ್ರತಿಮಾ ಹೊಟ್ಟೆ ಹಿಡಿದು ನಕ್ಕಳು. "ಹದಿನೆಂಟು ವರ್ಷದ ರೆಕಾರ್ಡ್ ಮುರೀತಲ್ಲ, ಡ್ಯಾಡಿ!"

ಮುರಿದಿಲ್ಲ. ನಾನು ಮುಟ್ಟಿದ ಸೆಟ್ ಯಾವುದೂ ವಾಪಸ್ ಬಂದಿಲ್ಲವೆಂದು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಲೆಕ್ಚರರ್ ತಂದ ಆ ರೇಡಿಯೊವನ್ನು ಮೊದಲ ಸಲ ನಾನು ಮುಟ್ಟಿಯೇ ಇರಲಿಲ್ಲ.