ಬ್ಯಾಕಪ್ ಇದೆ ಕಣಮ್ಮ

ನಲವತ್ತು ದೇಶ ಸುತ್ತಿದ್ದೇನೆ. ರೈಲು ತಪ್ಪಿಸಿಕೊಂಡಿದ್ದೇನೆ, ಒಂಟೆ ಕೈಲಿ ಒದೆಸಿಕೊಂಡಿದ್ದೇನೆ. ಆದರೆ ಹೇಳಿಕೊಂಡು ನಗುವಂಥದ್ದೆಲ್ಲ ಆಗುವುದು ಸಾರಕ್ಕಿಯ ಈ ಮೂರನೇ ಮಹಡಿಯ ಬಾಡಿಗೆ ಮನೆಯಲ್ಲೇ. ಕಾರಣ, ನನ್ನ ಚಪ್ಪಲಿ ಸ್ಟ್ಯಾಂಡಿನ ಮೇಲೆ ಕೂತಿರುವ ಮೂರು ಹಳೇ ಪುಟ್ಟ ಕಂಪ್ಯೂಟರ್‌ಗಳು. ಇಪ್ಪತ್ತು ವರ್ಷದ ತಿರುಗಾಟದ ಫೋಟೋ ಎಲ್ಲ ಅವುಗಳಲ್ಲಿ. ಆ ಫೋಟೋಗಳನ್ನಿಟ್ಟುಕೊಂಡು ಪುಸ್ತಕ ಬರೆದಿದ್ದೇನೆ. ಫೋಟೋ ಹೋದರೆ ಪುಸ್ತಕವೂ ಹೋಯಿತು. ಬೇರೆಯವರ ಕ್ಲೌಡಿನಲ್ಲಿ ದುಡ್ಡು ಕೊಟ್ಟು ಇಡಬಹುದಿತ್ತು; ಜಂಬ ಬಿಡಬೇಕಲ್ಲ.

೧. ಪಿಜಿ

ಓನರ್ ಆಂಟಿಯ ಮಾವನ ಕಾಲದಲ್ಲಿ ಈ ಜಾಗದಲ್ಲಿ ಸೊಪ್ಪು ಬೆಳೆಯುತ್ತಿದ್ದರಂತೆ. ಈಗ ಆಂಟಿ ಅಲ್ಲೇ ಬಾಡಿಗೆಯವರನ್ನು ಬೆಳೆಯುತ್ತಾರೆ. ಒಂದು ದಿನ ಮೇಲೆ ಬಂದವರು ಮಿಣಿಮಿಣಿ ದೀಪ ನೋಡಿ ಕೇಳಿದರು, “ಏನಮ್ಮಾ ಇದು?”

“ಕ್ಲಸ್ಟರ್ ಆಂಟಿ. ಒಂದೊಂದು ಸಾಫ್ಟ್‌ವೇರನ್ನೂ ಒಂದೊಂದು ಡಬ್ಬದಲ್ಲಿ ಹಾಕಿಟ್ಟಿರ್ತೀನಿ, ಕಂಟೇನರ್ ಅಂತಾರೆ. ಒಂದು ಕಂಪ್ಯೂಟರ್ ಕೆಟ್ರೆ ಅದರಲ್ಲಿದ್ದ ಡಬ್ಬಗಳು ತಾವಾಗೇ ಪಕ್ಕದ್ದಕ್ಕೆ ಹೋಗ್ತವೆ.”

“ಯಾರು ಬರ್ತಾರೆ, ಯಾರು ಹೋಗ್ತಾರೆ ಅಂತ ನೋಡ್ಕೊಳ್ಳೋರು?”

“ಅದಕ್ಕೊಂದು ಮೇಲ್ವಿಚಾರಕ ಸಾಫ್ಟ್‌ವೇರ್ ಇದೆ.”

“ಸಾಮಾನು ಇಡೋಕೆ ಬೀರು?”

“ಒಂದೇ ಡಿಸ್ಕು. ಎಲ್ಲರಿಗೂ ಅದೇ.”

ಆಂಟಿ ಮುಖ ಗಂಟಾಯಿತು. “ಒಬ್ಬಳೇ ಇರ್ತೀನಿ ಅಂತ ಮನೆ ತಗೊಂಡು ಪಿಜಿ ನಡೆಸ್ತಿದ್ದೀಯಲ್ಲಮ್ಮ!”

ಸಮಾಧಾನ ಮಾಡಲು ಫೋಟೋ ಡಬ್ಬದ ಪಾಸ್‌ವರ್ಡ್ ಕೊಟ್ಟು, ಅವರ ಫೋನಿನಲ್ಲೇ ನನ್ನ ಫೋಟೋಗಳೆಲ್ಲ ಕಾಣುವ ಹಾಗೆ ಮಾಡಿದೆ. “ಸಂಜೆ ಹೊತ್ತು ನೋಡ್ತಾ ಇರಿ ಆಂಟಿ.” ಪಿಜಿಗೆ ಆ ಕ್ಷಣವೇ ಪರ್ಮಿಷನ್ ಸಿಕ್ಕಿತು.

೨. ಡ್ರೈನ್

ಸಾಫ್ಟ್‌ವೇರ್ ಅಪ್‌ಗ್ರೇಡ್ ಮಾಡುವಾಗ ಒಂದು ಕ್ರಮ ಇದೆ. ಮೊದಲು ಒಂದು ಕಂಪ್ಯೂಟರಿನಲ್ಲಿರುವ ಡಬ್ಬಗಳನ್ನೆಲ್ಲ ಪಕ್ಕದ್ದಕ್ಕೆ ಸಾಗಹಾಕಿ ಖಾಲಿ ಮಾಡಬೇಕು. ಇದಕ್ಕೆ ಡ್ರೈನ್ ಅಂತಾರೆ. ಬೇಸಿಗೆಯ ಒಂದು ಬೆಳಿಗ್ಗೆ, ಮೆಟ್ಟಿಲ ಹತ್ತಿರ ನಿಂತು ಗೆಳತಿಗೆ ಫೋನಿನಲ್ಲಿ ಜಂಬ ಕೊಚ್ಚುತ್ತಿದ್ದೆ: “ಈಗ ಡ್ರೈನ್ ಮಾಡ್ತಿದ್ದೀನಿ ಕಣೇ. ಒಂದಾದ್ಮೇಲೆ ಒಂದು, ಮಧ್ಯಾಹ್ನದೊಳಗೆ ಮೂರೂ ಖಾಲಿ.”

ನಮ್ಮ ಬಿಲ್ಡಿಂಗ್ ಮೇಲೆ ನೀರಿನ ಟ್ಯಾಂಕೂ ಮೂರೇ.

ಐದೇ ನಿಮಿಷ. ಕೆಳಗಿನಿಂದ ಬಕೆಟ್ಟಿನ ಸದ್ದು, ಬಿಂದಿಗೆಯ ಸದ್ದು. ಮೊದಲ ಮಹಡಿಯ ಹುಬ್ಬಳ್ಳಿ ಕಡೆಯವರು ಟವೆಲ್ಲಿನಲ್ಲೇ ಓಡಿ ಬಂದರು. “ಮೇಡಮ್ಮಾರ, ನೀರೆಲ್ಲಾ ಖಾಲಿ ಮಾಡಾಕತ್ತೀರಂತಲ್ರೀ? ನಂದಿನ್ನಾ ಜಳಕಾ ಆಗಿಲ್ರೀ!”

“ನೀರಲ್ಲ ಸಾರ್, ಸಾಫ್ಟ್‌ವೇರು.”

“ಅದನ್ನ ಎದರಾಗ ತುಂಬಿಟ್ಕೋಬೇಕ್ರೀ?”

ಅಪ್‌ಗ್ರೇಡ್ ಸಲೀಸಾಗಿ ಮುಗಿಯಿತು. ಒಂದು ಡಬ್ಬವೂ ಕೆಡಲಿಲ್ಲ. ಆದರೆ ಎಲ್ಲರೂ ಸಿಕ್ಕಿದ್ದರಲ್ಲೆಲ್ಲ ನೀರು ಹಿಡಿದಿಟ್ಟುಕೊಂಡಿದ್ದರಿಂದ, ಮಧ್ಯಾಹ್ನದೊಳಗೆ ಮೂರು ಟ್ಯಾಂಕೂ ಖಾಲಿ. ಹೇಳಿದ ಟೈಮಿಗೆ ಸರಿಯಾಗಿ.

೩. ಹಸಿರು ದೀಪ

ಆಮೇಲೆ ಮೂರು ತಿಂಗಳು ಜಾರ್ಜಿಯಾ ಕಡೆ ಹೊರಟೆ. ಹೊರಡುವ ದಿನ ಹೊಸ ಡಿಸ್ಕೊಂದನ್ನು ಜೋಡಿಸಿ, ದಿನಾ ಬೆಳಿಗ್ಗೆ ಫೋಟೋಗಳೆಲ್ಲ ಅದಕ್ಕೂ ನಕಲಾಗುವಂತೆ ಮಾಡಿದೆ. ಆಂಟಿಗೆ ಬೀಗದ ಕೈ ಕೊಟ್ಟೆ. “ಬ್ಯಾಕಪ್ ಓಡ್ತಿದೆಯಾ ಅಂತ ನೋಡ್ತಿರಿ ಆಂಟಿ. ಹಸಿರು ದೀಪ ಉರೀತಿದ್ರೆ ಸರಿ.”

ವಾರವಾರ ಫೋನು. ಆಂಟಿಯದು ಒಂದೇ ಉತ್ತರ: “ಬ್ಯಾಕಪ್ ಇದೆ ಕಣಮ್ಮ. ಹಸಿರು ದೀಪ ಜಗಜಗ ಅಂತಿದೆ.”

ವಾಪಸ್ ಬಂದು ನೋಡಿದರೆ ಡಬ್ಬಗಳೆಲ್ಲ ಹಂಚಿಕೊಂಡಿದ್ದ ಆ ಒಂದೇ ಡಿಸ್ಕು ಟಿಕ್ ಟಿಕ್ ಅಂದು ಕಣ್ಣು ಮುಚ್ಚಿತ್ತು. ಗಾಬರಿಯಾಗಲಿಲ್ಲ, ಬ್ಯಾಕಪ್ ಇದೆಯಲ್ಲ. ಹೊಸ ಡಿಸ್ಕಿಗೆ ಕೈ ಹಾಕಿದೆ. ಅದರ ಪ್ಲಗ್ ನೆಲದ ಮೇಲೆ. ಹೊರಡುವ ಆತುರದಲ್ಲಿ ಕ್ಯಾಮೆರಾ ಚಾರ್ಜ್ ಮಾಡಲು ನಾನೇ ಕಿತ್ತಿದ್ದೆ. ಒಳಗೆ ಒಂದು ಫೋಟೋ ಇಲ್ಲ.

“ಆಂಟಿ, ಹಸಿರು ದೀಪ ಎಲ್ಲಿತ್ತು?”

ಆಂಟಿ ಮೂಲೆಯ ಯುಪಿಎಸ್ ತೋರಿಸಿದರು. “ಅಗೋ, ಈಗಲೂ ಇದೆ. ಕರೆಂಟ್ ಹೋದ್ರೆ ನಾಲ್ಕು ಗಂಟೆ ಬರುತ್ತೆ, ನೀನೇನೂ ಯೋಚ್ನೆ ಮಾಡ್ಬೇಡ.”

೪. ಶುಭೋದಯ

ಪ್ರಕಾಶಕರಿಗೆ ಸೋಮವಾರದೊಳಗೆ ಫೋಟೋ ಕಳಿಸಬೇಕು. ಹೊಸ ಡಿಸ್ಕ್ ಮೇಲೆ ಡಬ್ಬಗಳನ್ನೆಲ್ಲ ಮತ್ತೆ ಎಬ್ಬಿಸಿದೆ. ಹತ್ತು ನಿಮಿಷದ ಕೆಲಸ, ಕೈ ಪಳಗಿದೆ. ಫೋಟೋ ಡಬ್ಬ ತೆರೆದರೆ ಅದು ವಿನಯದಿಂದ, “ಸ್ವಾಗತ! ನಿಮ್ಮ ಮೊದಲ ಫೋಟೋ ಸೇರಿಸಿ” ಎಂದಿತು. ಮೆಟ್ಟಿಲ ಮೇಲೆ ಹೋಗಿ ಕೂತೆ.

ಆಂಟಿ ಕಾಫಿ ತಂದರು. ಕತೆಯೆಲ್ಲ ಕೇಳಿ, “ಅಯ್ಯೋ, ಆ ಫೋಟೋಗಳಾ? ಎಲ್ಲಾ ನನ್ನ ಫೋನಲ್ಲಿದೆ ಕಣಮ್ಮ” ಎಂದರು.

ಎಲ್ಲಾ ಅಲ್ಲದಿದ್ದರೂ ಪುಸ್ತಕಕ್ಕೆ ಸಾಕಾಗುವಷ್ಟು ಇತ್ತು. ಆಂಟಿ ದಿನಾ ಬೆಳಿಗ್ಗೆ ನನ್ನ ಒಂದೊಂದು ಫೋಟೋ ಇಳಿಸಿಕೊಂಡು, ಅದರ ಮೇಲೆ ಗುಲಾಬಿ ಹೂವು ಅಂಟಿಸಿ, ಫ್ಯಾಮಿಲಿ ಗ್ರೂಪಿಗೆ ಶುಭೋದಯ ಕಳಿಸುತ್ತಿದ್ದರು. ಹೂವಿಲ್ಲದ ಮೂಲ ಒಂದೂ ಉಳಿದಿರಲಿಲ್ಲ. ಅವರ ಫೋನಲ್ಲಿ ಸಿಗದಿದ್ದದ್ದು ಪದ್ಮನಾಭನಗರದ ತಂಗಿಯ ಫೋನಲ್ಲಿ, ಅಲ್ಲೂ ಸಿಗದಿದ್ದದ್ದು ಬೊಮ್ಮನಹಳ್ಳಿಯ ನಾದಿನಿಯ ಫೋನಲ್ಲಿ. ಮೂರು ನಕಲು, ಮೂರು ಮನೆ. ಇಂಥ ಬ್ಯಾಕಪ್ ನನಗೆ ಜನ್ಮದಲ್ಲಿ ಮಾಡೋಕೆ ಬಂದಿಲ್ಲ. ಅಷ್ಟನ್ನೂ ಸೇರಿಸಿ ಸೋಮವಾರಕ್ಕೆ ಕಳಿಸಿದೆ.

ಪ್ರಕಾಶಕರ ಫೋನ್ ಬಂತು. “ಮೇಡಂ, ಫೋಟೋಗಳು ಸಖತ್ತಾಗಿವೆ. ಆದ್ರೆ ಹಿಮಾಲಯದ ಮೇಲೆ ‘ಶುಭ ಶುಕ್ರವಾರ’ ಅಂತ ಯಾಕಿದೆ?”

“ದಿನಚರಿ ಶೈಲಿ ಸಾರ್,” ಅಂದೆ, ಧ್ವನಿ ಒಂಚೂರೂ ಅಲುಗದೆ.

“ಓ, ಹೊಸ ಪ್ರಯೋಗ! ಸರಿ ಮೇಡಂ. ಬ್ರೆಜಿಲ್ ಅಧ್ಯಾಯಕ್ಕೆ ಮಾತ್ರ ಒಂದು ಫೋಟೋನೂ ಬಂದಿಲ್ಲವಲ್ಲ?”

ಫೋನನ್ನು ಕೈಯಲ್ಲಿ ಮುಚ್ಚಿ ಪಕ್ಕದಲ್ಲಿದ್ದ ಆಂಟಿಯನ್ನು ಕೇಳಿದೆ. “ಆಂಟಿ, ಬ್ರೆಜಿಲ್ ಎಲ್ಲಿ? ಸಮುದ್ರದಲ್ಲಿ ನಾನು ಈಜಿದ ಫೋಟೋಗಳು?”

ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಅದು ಫ್ಯಾಮಿಲಿ ಗ್ರೂಪ್ ಕಣಮ್ಮ.”