ತಾತನ ಕಿವಿಗೆ ಅಮ್ಮನ ಫೋನು

ನಮ್ಮನೇಲಿ ಎಲ್ಲಾ ಸಾಮಾನೂ ಸ್ಮಾರ್ಟೇ. ಟೀವಿ ಸ್ಮಾರ್ಟು, ಫೋನು ಸ್ಮಾರ್ಟು, ಈಗ ತಾತನ ಕಿವಿನೂ ಸ್ಮಾರ್ಟು. ಒಂದೊಂದೇ ಇದ್ದಾಗ ಎಲ್ಲಾ ಬಂಗಾರದಂಥವು. ಒಂದಕ್ಕೊಂದು ಜೋಡಿಸಿದ್ವಿ ಅನ್ಕೊಳ್ಳಿ, ಅವತ್ತೇ ಮನೇಲಿ ಏನಾದ್ರೂ ಒಂದು ಆಗುತ್ತೆ. ಅದೂ ಅಕ್ಕನ ಮದುವೆ ಮಾತುಕತೆ ನಡೀತಿರೋ ಟೈಮಲ್ಲೇ ಇವು ಸೇರಿಕೊಂಡು ಆಟ ಆಡ್ಸಿದ್ವಲ್ಲ, ಅದನ್ನ ಹೇಳ್ದೆ ಇದ್ರೆ ನಂಗೆ ಊಟ ಸೇರಲ್ಲ.

ಹುಡುಗ ಮೇಲ್ಗಡೆ ಹೋದ

ಹುಡುಗನ ಫೋಟೋ ಬಂತು. ದಾವಣಗೆರೆ ಕಡೆಯವರು, ಹುಡುಗ ಕೆಲಸ ಮಾಡೋದು ಇಲ್ಲೇ ಜೆಪಿ ನಗರದಲ್ಲಿ. ಅಕ್ಕ ಆ ಫೋಟೋನ ಮತ್ತೆ ಮತ್ತೆ ನೋಡಿದ್ಲು. ಅಂದ್ರೆ ಸಖತ್ ಇಷ್ಟ ಆಗಿದಾನೆ ಅಂತ ಅರ್ಥ.

ತಾತನಿಗೆ ಫೋನಲ್ಲಿ ಸಣ್ಣದಾಗಿ ಕಾಣುತ್ತೆ, ಟೀವೀಲಿ ಹಾಕು ಅಂದ್ರು ಅಮ್ಮ. ಎಲ್ಲಾ ಪಕ್ಕಾ ಆಗೋವರೆಗೂ ಯಾರಿಗೂ ಹೇಳೋ ಹಾಗಿಲ್ಲ ಅಂತ ಬಾಗಿಲು ಬೇರೆ ಹಾಕಿದ್ರು. ನಾನು ಫೋನಲ್ಲಿ ಟೀವಿ ಹುಡುಕಿ ಒತ್ತಿದೆ. ಕಳ್ಸಿದೀನಿ ಅಂತ ಫೋನ್ ಹೇಳ್ತು, ನಮ್ಮ ಟೀವಿ ಮಾತ್ರ ಸುಮ್ನೆ ಕಪ್ಪಗೆ ಕೂತಿತ್ತು. ಮತ್ತೆ ಒತ್ತಿದೆ. ಸೂಟು ಹಾಕಿರೋ ಫೋಟೋ, ಪಂಚೆ ಉಟ್ಟಿರೋ ಫೋಟೋ, ಅವರಮ್ಮನ ಜೊತೆ ಇರೋದು, ಎಲ್ಲಾ ಕಳಿಸ್ದೆ.

ಚಿಕ್ಕಲಸಂದ್ರದ ನಮ್ಮ ಮನೆ ಬಾಡಿಗೆ ಮನೆ. ಮೇಲೆ ಓನರ್ ಆಂಟಿ ಇದಾರೆ, ಇಬ್ರಿಗೂ ಸೇರಿ ಒಂದೇ ವೈಫೈ, ಟೀವಿನೂ ಒಂದೇ ಕಂಪನೀದು. ಅದು ನನ್ನ ತಲೆಗೆ ಹೊಳೆಯೋ ಹೊತ್ತಿಗೆ ಆಂಟಿ ಮೆಟ್ಟಿಲು ಇಳ್ದು ಬಂದಾಗಿತ್ತು. ಬಾಗಿಲಲ್ಲಿ ನಿಂತು ಅಮ್ಮನ್ನ ಕೇಳಿದ್ರು, "ಏನ್ರೀ, ನಮ್ಮ ಸೀರಿಯಲ್ ಹೀರೋನ ಬದಲಾಯಿಸಿಬಿಟ್ರು. ನಿಮ್ಮಲ್ಲೂ ಹೊಸಬನೇ ಬರ್ತಿದಾನಾ? ಹಳೇವನಿಗಿಂತ ಇವನೇ ವಾಸಿ."

ಮುದುಕಂಗೆ ಯಾಕೆ ಮಷೀನು

ಆಮೇಲೆ ತಾತನ ಕಿವಿ. ಮದುವೆ ಮನೇಲಿ ನಾಲ್ಕು ಜನರ ಮಾತು ಕೇಳಿಸ್ಬೇಕಲ್ಲ ಅಂತ ಜಯನಗರದ ಒಂದು ಅಂಗಡೀಲಿ ಹೊಸ ಕಿವಿ ಮಷೀನು ಕೊಡಿಸಿದ್ವಿ. ಅದನ್ನ ಫೋನಿಗೆ ಜೋಡಿಸ್ಬೇಕಂತೆ. ತಾತಂದು ಗುಂಡಿ ಒತ್ತೋ ಫೋನು, ಅದಕ್ಕೆ ಆಗಲ್ಲ. ಅಂಗಡಿಯವರು ಅಮ್ಮನ ಫೋನ್ ಇಸ್ಕೊಂಡು ಅದಕ್ಕೇ ಜೋಡಿಸಿಬಿಟ್ರು. ಯಜಮಾನ್ರು ಗುಂಡಿ ಒತ್ತೋಕೆ ಒದ್ದಾಡ್ಬಾರ್ದು ಅಂತ, ಕರೆ ಬಂದ್ರೆ ಫೋನು ತಾನೇ ಎತ್ಕೊಳ್ಳೋ ಹಾಗೆ ಸೆಟ್ಟಿಂಗ್ ಬೇರೆ. ಎಂಥಾ ಒಳ್ಳೇ ಮನಸ್ಸು ನೋಡಿ.

ಮಾರನೇ ದಿನ ಚಿಕ್ಕಮ್ಮ ಫೋನ್ ಮಾಡಿದ್ರು. ಅಡುಗೆಮನೇಲಿ ಅಮ್ಮ ಹಲೋ ಹಲೋ ಅಂತ ಫೋನಿಗೆ ಕಿರುಚ್ತಿದಾರೆ, ಏನೂ ಕೇಳಿಸ್ತಿಲ್ಲ. ಹಾಲಲ್ಲಿ ಪೇಪರ್ ಓದ್ತಿದ್ದ ತಾತ ತಲೆ ಎತ್ತದೇನೇ, ಅಕ್ಕಾ ಅಂತಿದಾಳೆ, ನಿನ್ನ ತಂಗೀನೇ ಇರ್ಬೇಕು, ಮಂಡಿನೋವಂತೆ ಅಂದ್ರು. ಅಮ್ಮ ಅಲ್ಲಿಂದಲೇ, ಎಣ್ಣೆ ಹಚ್ಕೋ ಅಂತ ಹೇಳಿ ಮಾವ ಅಂದ್ರು. ತಾತ ಹೇಳಿದ್ರು. ಅಲ್ಲಿಂದ ಬಂದಿದ್ದನ್ನ ಇಲ್ಲಿಗೆ, ಇಲ್ಲಿಂದ ಹೋಗೋದನ್ನ ಅಲ್ಲಿಗೆ. ಒಂದಕ್ಷರ ಸೇರಿಸ್ಲಿಲ್ಲ, ಒಂದಕ್ಷರ ಬಿಡ್ಲಿಲ್ಲ. ನಾನು ಮಧ್ಯದಲ್ಲಿ ಚಕ್ಲಿ ತಿಂತಾ ಕೂತಿದೀನಿ, ಎಂಥಾ ಮಜಾ ಅಂತೀರ.

ಚಿಕ್ಕಮ್ಮನಿಗೆ ಪಾಪ ಏನು ಗೊತ್ತು. ಯಾಕೋ ಗಂಡಸಿನ ದನಿ ಬರ್ತಿದೆ, ಲೈನ್ ಸರಿಯಿಲ್ಲ ಅನ್ಕೊಂಡು ಮನಸು ಬಿಚ್ಚಿ ಮಾತಾಡ್ತಾನೇ ಇದ್ರು. ಸ್ವಲ್ಪ ಹೊತ್ತಿಗೆ ತಾತ ಪೇಪರ್ ಮಡಚಿಟ್ಟು ಅಡುಗೆಮನೆ ಕಡೆ ತಿರುಗಿದ್ರು.

"ಈ ವಯಸ್ಸಲ್ಲಿ ಆ ಮುದುಕಂಗೆ ಯಾಕೆ ಬೇಕಿತ್ತು ಮಷೀನು ಅಂತ ಕೇಳ್ತಿದಾಳಮ್ಮ. ಏನು ಹೇಳ್ಲಿ?"

ನಾಯಿ ಊಳಿಡ್ತು

ಇದು ನಗೋ ವಿಷಯ ಅಲ್ಲ. ಆದ್ರೆ ನಾನು ನಕ್ಕೆ, ಅಕ್ಕ ಹೊಡೆದ್ಲು.

ಹುಡುಗ ಹುಡುಗಿ ಒಪ್ಕೊಂಡಾಗಿತ್ತು. ನಿಂತಿದ್ದು ಒಂದೇ ವಿಷಯಕ್ಕೆ. ಅವರ ಕಡೆ ಮದುವೆ ಗಂಡಿನ ಊರಲ್ಲಿ, ನಮ್ಮ ಕಡೆ ಹೆಣ್ಣಿನ ಊರಲ್ಲಿ. ಹುಡುಗನ ತಾಯಿ ದಾವಣಗೆರೆ ಅಂತಾರೆ, ನಮ್ಮಮ್ಮ ಬನಶಂಕರೀಲೇ ಛತ್ರ ನೋಡಿಟ್ಟಿದೀನಿ ಅಂತಾರೆ. ಇಬ್ರೂ ಒಟ್ಟಿಗೇ ಮಾತಾಡ್ತಾರೆ, ಒಬ್ರು ಹೇಳಿದ್ದು ಇನ್ನೊಬ್ರು ಕೇಳಿಸ್ಕೊಳ್ಳಲ್ಲ. ಹಿಂಗೇ ಆದ್ರೆ ಸಂಬಂಧನೇ ಮುರಿದುಹೋಗುತ್ತೆ ಅಂತ ಅಕ್ಕ ಊಟ ಬಿಟ್ಟಳು.

ಸರಿ, ಮುಖ ನೋಡ್ಕೊಂಡು ಮಾತಾಡಿ ಅಂತ ನಾನೇ ವೀಡಿಯೋ ಕಾಲ್ ಏರ್ಪಾಡು ಮಾಡಿದೆ. ತಾತನ ಮಷೀನು ಚಾರ್ಜಿಗೆ ಹಾಕಿದ್ವಿ, ಆ ಕಾಟ ಇರ್ಲಿಲ್ಲ. ಲ್ಯಾಪ್‌ಟಾಪಲ್ಲಿ ಮುಖ ಬಂತು, ಸೌಂಡ್ ಬರ್ಲಿಲ್ಲ. ಅಮ್ಮನ ಫೋನಿಂದಲೂ ಅದೇ ಕಾಲಿಗೆ ಸೇರ್ಕೊಂಡೆ. ಅಷ್ಟು ಹೊತ್ತಿಗೆ ಲ್ಯಾಪ್‌ಟಾಪಿಗೂ ಸೌಂಡ್ ಬಂತು. ಎರಡೂ ಅಕ್ಕಪಕ್ಕ ಕೂತು ಒಂದರ ಸದ್ದು ಇನ್ನೊಂದು ಹಿಡ್ಕೊಂಡು "ಊಂಯ್" ಅಂತ ಕೂಗೋಕೆ ಶುರು ಮಾಡಿದ್ವು ನೋಡಿ, ಹಲ್ಲು ಜುಮ್ ಅಂತು. ನಾನು ಆಫ್ ಮಾಡೋಷ್ಟರಲ್ಲಿ ದಾವಣಗೆರೇಲಿ ಅವರ ಮನೆ ನಾಯಿ ಕುತ್ತಿಗೆ ಎತ್ತಿ ಊಳಿಡ್ತು. ನಮ್ದು ನಿಂತ್ರೂ ಅದು ನಿಲ್ಲಿಸ್ಲಿಲ್ಲ.

ಶುಭಕಾರ್ಯದ ಮಾತಲ್ಲಿ ನಾಯಿ ಊಳಿಟ್ಟರೆ ಆಯ್ತಲ್ಲ. ಹುಡುಗನ ತಾಯಿ ಮುಖ ಬಿಗಿ ಮಾಡ್ಕೊಂಡು, ಈ ಮಾತು ಸದ್ಯಕ್ಕೆ ಬ್ಯಾಡ ಬಿಡ್ರಿ ಅಂದು ಎದ್ದು ಹೋದ್ರು. ಸ್ಕ್ರೀನಲ್ಲಿ ನಾಯಿ ಒಂದೇ ಉಳೀತು. ಅಮ್ಮ ಅದಕ್ಕೇ ಕೈಮುಗಿದು ಕಾಲ್ ಕಟ್ ಮಾಡಿದ್ರು.

ಹೂಂ

ಆಮೇಲೆ ಅವರಿಂದ ಫೋನೇ ಇಲ್ಲ. ಹಿಂಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅಮ್ಮ ಬಟ್ಟೆ ಒಣಹಾಕೋಕೆ ಟೆರೇಸಿಗೆ ಹೋಗಿದ್ರು, ಫೋನು ಹಾಲಲ್ಲಿ ಚಾರ್ಜಿಗಿತ್ತು. ತಾತ ಸ್ನಾನ ಮಾಡಿ, ವಿಭೂತಿ ಹಚ್ಕೊಂಡು, ಕಿವಿಗೆ ಮಷೀನು ಸಿಗಿಸ್ಕೊಂಡು ಲಿಂಗಪೂಜೆಗೆ ಕೂತಿದ್ರು. ಪೂಜೆ ಮುಗಿಯೋವರೆಗೂ ತಾತ ಬಾಯಿ ಬಿಡಲ್ಲ. ಮನೆಗೆ ಬೆಂಕಿ ಬಿದ್ದಿದೆ ಅಂದ್ರೂ "ಹೂಂ" ಅಷ್ಟೇ.

ಅಕ್ಕ ಫೋನ್ ನೋಡಿ ಹಂಗೇ ನಿಂತ್ಬಿಟ್ಟಳು. ಹುಡುಗನ ತಾಯಿ ಕರೆ ಮಾಡಿದಾರೆ, ಫೋನು ತಾನೇ ಎತ್ಕೊಂಡಿದೆ, ಕರೆ ನಡೀತಾ ಇದೆ. ಒಳಗಿಂದ ತಾತನ ದನಿ.

"ಹೂಂ."

ನಾನು ಕಟ್ ಮಾಡೋಕೆ ಹೋದೆ. ಅಕ್ಕ ಕೈ ಹಿಡ್ಕೊಂಡ್ಲು. ನಾಯಿ ಆದ್ಮೇಲೆ ಅವರಾಗೇ ಮಾಡಿರೋ ಫೋನು, ಕಟ್ ಆದ್ರೆ ಕತೆ ಮುಗೀತು ಕಣೇ ಅಂದ್ಲು. ಇಬ್ರೂ ಪೂಜೆ ಕೋಣೆ ಬಾಗಿಲಿಗೆ ಅಂಟ್ಕೊಂಡ್ವಿ. ಅವರು ಹೇಳೋದು ತಾತನ ಕಿವಿಗೆ ಮಾತ್ರ, ನಮಗೆ ಕೇಳೋದು ಬರೀ ಹೂಂ. ಒಂದು ಉದ್ದದ ಹೂಂ ಬಂತು, ದಾವಣಗೆರೆಗೆ ಒಪ್ಕೊಂಡ್ರು ಅಂದ್ಲು ಅಕ್ಕ. ಒಂದು ಗಿಡ್ಡ ಹೂಂ ಬಂತು, ಊಟದ ವಿಷಯ ಇರ್ಬೇಕು ಅಂದೆ ನಾನು. ತಾತ ಬಿಲ್ವಪತ್ರೆ ಏರಿಸ್ತಾ ಇದಾರೆ, ಒಂದೊಂದು ಎಲೆಗೆ ಒಂದೊಂದು ಹೂಂ. ಕರ್ಪೂರ ಹಚ್ಚೋ ಹೊತ್ತಿಗೆ ಕರೆ ಕಟ್ಟಾಯ್ತು.

ಅಮ್ಮ ಇಳಿದು ಬಂದ್ರು. ವಿಷಯ ಕೇಳಿ ಬಕೆಟ್ ಕೈ ಬಿಟ್ರು. ಪೂಜೆ ಮುಗಿದ ತಕ್ಷಣ ತಾತನ ಕಿವಿಯಿಂದ ಮಷೀನು ತೆಗೆಸಿ ಆಫ್ ಮಾಡಿ, ವಾಪಸ್ ಫೋನ್ ಮಾಡಿ ಸ್ಪೀಕರಿಗೆ ಹಾಕಿದ್ರು.

ಹುಡುಗನ ತಾಯಿ ದನೀಲಿ ಜೇನು ಸುರೀತಿತ್ತು. "ಏನ್ರಿ ಬೀಗ್ರೇ, ಇಷ್ಟು ಸಮಾಧಾನದಿಂದ ನನ್ನ ಮಾತು ಯಾರೂ ಕೇಳಿದ್ದಿಲ್ಲ ನೋಡ್ರಿ. ಹೋದ ಸಲ ನೀವು ಅಡ್ಡ ಮಾತಾಡಿದ್ರಿ, ನನಗೂ ಹಠ ಬಂತು. ಇವತ್ತು ಹೇಳ್ತಾ ಹೇಳ್ತಾ ನನಗೇ ಅನಿಸ್ತು, ಹುಡುಗ ಹುಡುಗಿ ಇಬ್ರೂ ಅಲ್ಲೇ ಇದಾರ, ಮದುವಿ ಬೆಂಗಳೂರಾಗೇ ಆಗ್ಲಿ ಅಂತ. ನೀವೂ ಹೂಂ ಅಂದ್ರಲ್ಲ."

ಅಕ್ಕ ಸೋಫಾ ಮೇಲೆ ಕುಸಿದು ಕೂತ್ಲು, ಅಳ್ತಿದಾಳೋ ನಗ್ತಿದಾಳೋ ಗೊತ್ತಾಗ್ಲಿಲ್ಲ.

"ಅಂದಹಾಗೆ ನಿಮ್ಮ ದನಿ ಭಾಳ ದಪ್ಪ ಆಗಿತ್ತಲ್ರಿ, ಶೀತಾನಾ?"

ಅಮ್ಮ ಫೋನಿಗೆ ಎರಡು ಸಲ ಕೆಮ್ಮಿದ್ರು.

ಫೋನ್ ಇಟ್ಟು, ಮಷೀನು ಮತ್ತೆ ತಾತನ ಕಿವಿಗೆ ಸಿಗಿಸಿ, ಅಮ್ಮ ಕಾಲಿಗೆ ಬೀಳೋದೊಂದು ಬಾಕಿ. "ಮಾವ, ಬೀಗರ ಹತ್ರ ಎಷ್ಟು ಚೆನ್ನಾಗಿ ನಿಭಾಯಿಸಿದ್ರಿ" ಅಂದ್ರು.

ತಾತ ಮುಖ ಮುಖ ನೋಡಿದ್ರು. "ಬೀಗರಾ? ಈ ಮಷೀನಲ್ಲಿ ಹೆಂಗಸರ ದನಿ ಎಲ್ಲಾ ಒಂದೇ ಥರ ಕೇಳುತ್ತಮ್ಮ. ಮಾತಾಡ್ತಿರೋದು ನೀನೇ ಅನ್ಕೊಂಡೆ."

"ನಾನು ಅಂತ ಅನ್ಕೊಂಡು ಅಷ್ಟು ಹೊತ್ತೂ ಕೂತು ಕೇಳಿಸ್ಕೊಂಡ್ರಾ ಮಾವ?" ಅಮ್ಮನ ಕಣ್ಣಲ್ಲಿ ನೀರೇ ಬಂತು.

"ಕೇಳಿಸ್ಕೊಂಡೆ ಅಂತ ಯಾರು ಹೇಳಿದ್ದು?" ಅಂದ್ರು ತಾತ. "ಹೂಂ ಅಂದೆ ಅಷ್ಟೇ."