ಮಧ್ಯಯುಗಕ್ಕೆ ಒನ್ಸ್ ಮೋರ್

ಸಮಾಜ ಬದಲಾದಂತೆ ಸಾಹಿತ್ಯವೂ ಬದಲಾಗುತ್ತದೆ; ಬದಲಾಗದೆ ನಿಂತದ್ದು ಕಾಲಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ಈ ಗಂಭೀರ ಸತ್ಯವನ್ನು ನಾನು ಕೆಲಸಕ್ಕೆ ಸೇರಿದ ವರ್ಷ ಬರೆದುಕೊಂಡ ನೋಟ್ಸಿನಿಂದಲೇ ಇಂದಿಗೂ ಓದಿ ಹೇಳುತ್ತೇನೆ. ಬಳ್ಳಾರಿಯ ಒಂದು ಖಾಸಗಿ ಕಾಲೇಜಿನಲ್ಲಿ ಐಚ್ಛಿಕ ಇಂಗ್ಲಿಷ್ ಕಲಿಸುತ್ತಾ ಬಂದವನು ನಾನು. ಏಪ್ರಿಲ್ ತಿಂಗಳಲ್ಲಿ, ಫ್ಯಾನು ನಿಂತ ಕೊಠಡಿಯೊಳಗೆ, ಸೂರ್ಯದರ್ಶನವಾಗಿ ಆಂಗ್ಲ ಕವಿಗೆ ಪರಮಾನಂದವಾಯಿತೆಂದು ಬೋಧಿಸಿ ಏಟು ತಿನ್ನದೆ ಹೊರಬಂದವನಿಗೆ ಧೈರ್ಯವಿಲ್ಲವೆಂದು ಯಾರೂ ಹೇಳಲಾರರು. ಆದರೂ ಹೋದ ವರ್ಷ ಹೆದರಿದೆ. ನನ್ನ ವಿಷಯ ಆರಿಸಿಕೊಳ್ಳುವವರು ಕಡಿಮೆಯಾಗುತ್ತಾ ಬಂದು, ಆಡಳಿತ ಮಂಡಳಿಯ ಅಧ್ಯಕ್ಷರು ಕರೆಸಿ, "ಈ ಸಲ ಹುಡುಗ್ರು ಸೇರಲಿಲ್ಲಂದ್ರ ಕ್ಲಾಸು ಮುಚ್ಚೋದ ನೋಡ್ರಿ ಸರ್. ನಿಮ್ಮನ್ನ ನಮ್ಮ ಸಿರುಗುಪ್ಪದ ಕಾಲೇಜಿಗೆ ಹಾಕ್ತೀವಿ" ಎಂದರು. ಸಿರುಗುಪ್ಪದ ಮೇಲೆ ನನಗೆ ದ್ವೇಷವಿಲ್ಲ. ಅಲ್ಲಿಯ ಅಕ್ಕಿಯನ್ನೇ ಉಣ್ಣುತ್ತೇನೆ. ಆದರೆ ಸತ್ಯನಾರಾಯಣಪೇಟೆಯ ಮನೆಗೆ ಮಧ್ಯಾಹ್ನ ನಡೆದು ಬಂದು, ಬಿಸಿ ರೊಟ್ಟಿ ತಿಂದು, ಒಂದು ಗಳಿಗೆ ಅಡ್ಡಾಗಿ, ಮತ್ತೆ ಕಾಲೇಜಿಗೆ ಹೋಗುವ ಪದ್ಧತಿಯನ್ನು ನಾನು ಮಾನವ ನಾಗರಿಕತೆಯ ಶಿಖರವೆಂದು ತಿಳಿದವನು.

ಈ ಶಿಖರವನ್ನು ಉಳಿಸಿಕೊಳ್ಳಲು ಉಪಾಯ ಹೂಡಿದೆ. ಕಾಲೇಜಿನ ವಾರ್ಷಿಕೋತ್ಸವದಲ್ಲಿ ಇಂಗ್ಲಿಷ್ ಸಾಹಿತ್ಯ ಮತ್ತು ಅದರ ಸಮಾಜ ನಡೆದು ಬಂದ ದಾರಿಯನ್ನೆಲ್ಲ ವೇಷ ಹಾಕಿಸಿ ತೋರಿಸುವುದು. ಮೊದಲು ಮಧ್ಯಯುಗದ ರಾಜ ಯುದ್ಧದಲ್ಲಿ ಮಡಿಯುತ್ತಾನೆ. ಅಲ್ಲಿಗೆ ರಾಜರ ಕಥೆ ಮುಗಿಯಿತು. ನಂತರ ಹಡಗು ಹತ್ತುವ ವ್ಯಾಪಾರಿ. ಆಮೇಲೆ ಕಾಫಿ ಅಂಗಡಿಯಲ್ಲಿ ಕೂತು ಪತ್ರಿಕೆ ಓದಿ ಊರವರನ್ನೆಲ್ಲ ಆಡಿಕೊಳ್ಳುವ ಜಾಣರು, ಕಾದಂಬರಿ ಹಿಡಿದ ಹೆಂಗಸರು, ಗಿರಣಿಯ ಹೊಗೆ. ಕೊನೆಗೆ ಒಬ್ಬನೇ ಕುರ್ಚಿಯಲ್ಲಿ ಕೂತು ತನ್ನೊಂದಿಗೆ ತಾನೇ ಮಾತಾಡುವ ಆಧುನಿಕ ಮನುಷ್ಯ. ಹೊಗೆಗೆ ಸಾಂಬ್ರಾಣಿ ತಂದೆ. ಆಧುನಿಕ ಮನುಷ್ಯನಾಗಲು ಒಪ್ಪಿದ ಇಮ್ರಾನನಿಗೆ ಮೈಮೇಲಿದ್ದ ಜೀನ್ಸ್ ಪ್ಯಾಂಟೇ ಸಾಕಾಯಿತು. ತೊಡಕು ಬಂದದ್ದು ರಾಜನಿಗೆ. ನಾಟಕದ ವೇಷ ಬಾಡಿಗೆಗೆ ಕೊಡುವ ಖಾದರ್ ಸಾಹೇಬರ ಅಂಗಡಿಗೆ ಹೋಗಿ, "ಇಂಗ್ಲೆಂಡಿನ ರಾಜ ಬೇಕಾಗಿತ್ತು" ಎಂದೆ.

"ರಾಜ ಅಂದ್ರ ಎಲ್ಲಾ ಕಡೀ ರಾಜಾನ ಸರ್. ಕಿರೀಟ ಐತಿ, ಭುಜಕೀರ್ತಿ ಐತಿ, ಗದಾ ಐತಿ. ಒಯ್ರಿ."

"ಅಲ್ಲ ಸಾಹೇಬ್ರೇ, ಅದು ಚಳಿ ದೇಶ..."

"ಥಂಡಿ ಏನ್ರಿ? ಹಂಗಾರ ಮ್ಯಾಲೊಂದು ಶಾಲು ಹೊದಿಸ್ರಿ!"

ರಾಜನ ಪಾತ್ರ ಕುರುಗೋಡಿನ ಬಸವರಾಜನದು. ತರಗತಿಯಲ್ಲಿ ಹಾಜರಿ ಕೂಗಿದರೂ ನಾಚಿಕೊಳ್ಳುವ ಹುಡುಗ. ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿ ಬೇಗ ಸಾಯುತ್ತಾನೆ, ಅಪಾಯವಿಲ್ಲ ಎಂದುಕೊಂಡಿದ್ದೆ. ಅವನ ಮನೆತನದವರು ತಲೆತಲಾಂತರದಿಂದ ಪೌರಾಣಿಕ ನಾಟಕ ಆಡುವವರೆಂಬ ಸಂಗತಿ ನನಗೆ ತಿಳಿದದ್ದು ವಾರ್ಷಿಕೋತ್ಸವದ ದಿನವೇ. ಅವನ ಸೋದರಮಾವ ಹಾರ್ಮೋನಿಯಂ ಹೊತ್ತು, ಅರ್ಧ ಓಣಿಯನ್ನು ಹಿಂದಿಟ್ಟುಕೊಂಡು, ನಾವು ಉತ್ಸವಕ್ಕೆಂದು ಬಾಡಿಗೆಗೆ ಹಿಡಿದಿದ್ದ ಕಲ್ಯಾಣ ಮಂಟಪದೊಳಗೆ ಬಂದಾಗ.

ಕಿರೀಟ ತಲೆಗೇರಿದೊಡನೆ ಬಸವರಾಜ ಬೇರೆಯೇ ಆದ. ಬಲಗಾಲನ್ನು ಧಡ್ಡನೆ ಮುಂದಿಟ್ಟು, ಮೀಸೆ ತಿರುವಿ, ಶತ್ರುಗಳು ಕಡಲದಂಡೆಗೆ ಬಂದರೆಂಬ ನನ್ನ ಸರಳ ಇಂಗ್ಲಿಷ್ ವಾಕ್ಯವನ್ನು ಉದ್ದನೆಯ ಆಲಾಪದೊಂದಿಗೆ ಹಾಡಿದ. ಹಾರ್ಮೋನಿಯಂ ಕೂಡಿಕೊಂಡಿತು. "ಒನ್ಸ್ ಮೋರ್!" ಎಂದು ಮಂಟಪ ಗುಡುಗಿತು. ಕಂಪನಿ ನಾಟಕ ನೋಡಿ ಬೆಳೆದ ಜನ ಅವರು. ಒನ್ಸ್ ಮೋರ್ ಕೂಗಿದಾಗ ಮತ್ತೆ ಹಾಡದಿರುವುದು ಮನೆಗೆ ಬಂದ ನೆಂಟರನ್ನು ಬಾಗಿಲಲ್ಲೇ ನಿಲ್ಲಿಸಿದಂತೆ. ಬಸವರಾಜ ಮತ್ತೆ ಹಾಡಿದ, ಮತ್ತೆ ಹಾಡಿದ, ಕೊನೆಗೂ ಗದೆ ಚೆಲ್ಲಿ ಸತ್ತ. ರಾಜಶಾಹಿ ಮುಗಿಯಿತೆಂದು ನಾನು ಮೈಕಿನಲ್ಲಿ ಘೋಷಿಸುವಷ್ಟರಲ್ಲಿ ಸಾವಿಗೂ ಒನ್ಸ್ ಮೋರ್ ಬಿತ್ತು. ಹೆಣ ಎದ್ದು ಕೈಮುಗಿದು, ಶಾಲು ಸರಿಮಾಡಿಕೊಂಡು, ಮೊದಲಿನಿಂದ ಯುದ್ಧ ಆರಂಭಿಸಿತು.

ನಾನು ಪರದೆಯ ಸಂದಿಯಿಂದ, "ಲೇ ಬಸ್ಯಾ, ಸಾಯೋ ಮಾರಾಯ!" ಎಂದೆ.

"ಸಾಯಾಕ ಹತ್ತೀನಲ್ರಿ ಸರ್, ಮಂದಿ ಬಿಡವಲ್ರು!"

ಪರದೆಯ ಹಿಂದೆ ವ್ಯಾಪಾರಿಯ ಹಡಗು ರಟ್ಟಿನದಾದ್ದರಿಂದ ಯಾರೋ ಬೀಸಣಿಗೆ ಮಾಡಿಕೊಂಡಿದ್ದರು. ಕಾದಂಬರಿಯ ಹೆಂಗಸರು ಬಸ್ಸು ತಪ್ಪುತ್ತದೆಂದು ಮನೆಗೆ ಹೋಗಿದ್ದರು. ಇಮ್ರಾನ್ ಮಾತ್ರ ಕುರ್ಚಿ ತಬ್ಬಿಕೊಂಡು, ಮಿರ್ಚಿ ಕಡಿಯುತ್ತಾ, "ಸರ್, ನನ್ನ ಯುಗ ಯಾವಾಗ ಬರತೈತ್ರಿ?" ಎಂದು ಕೇಳಿದ. ಇಷ್ಟು ವರ್ಷದ ಬೋಧನೆಯಲ್ಲಿ ಇಷ್ಟು ಆಳವಾದ ಪ್ರಶ್ನೆಯನ್ನು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಉತ್ತರ ಕೊಡುವ ಮೊದಲೇ ಸಂಜೆಯ ಮದುವೆಯ ಅಡಿಗೆಯವರು ಕೊಪ್ಪರಿಗೆ ಹೊತ್ತು ಒಳಬಂದು ನಮ್ಮನ್ನು ಎಬ್ಬಿಸಿದರು. ಹೀಗೆ, ಆ ದಿನ ಇಂಗ್ಲೆಂಡಿನಲ್ಲಿ ಕೈಗಾರಿಕಾ ಕ್ರಾಂತಿ ಆಗಲಿಲ್ಲ. ಸಾಂಬ್ರಾಣಿಯನ್ನು ಮದುವೆಯವರು ಕೇಳಿ ಇಸಿದುಕೊಂಡರು.

ಮುಖ ಮರೆಸಿಕೊಂಡು ಹೊರಡುತ್ತಿದ್ದವನನ್ನು ಅಧ್ಯಕ್ಷರು ಹಿಡಿದರು. ಒನ್ಸ್ ಮೋರ್ ಕೂಗಿ ಕೂಗಿ ಅವರ ದನಿಯೇ ಒಡೆದಿತ್ತು. "ಏನ್ ಸರ್, ಇಂಗ್ಲಿಷ್ ಸಾಹಿತ್ಯ ಇಷ್ಟ್ ಚಲೋ ಇರತೈತಿ ಅಂತ ನೀವು ಒಂದಿನಾನೂ ಹೇಳಿದ್ದಿಲ್ಲಲ್ಲ!" ಇಷ್ಟು ವರ್ಷ ನಾನು ಏನು ಹೇಳುತ್ತಿದ್ದೆನೆಂದು ನನಗೂ ಆಗ ನೆನಪಾಗಲಿಲ್ಲ.

ಪ್ರವೇಶ ಶುರುವಾದಾಗ ಐಚ್ಛಿಕ ಇಂಗ್ಲಿಷಿಗೆ ಬೆಂಚು ಸಾಲಲಿಲ್ಲ. ಸೇರಿದ ಹುಡುಗರಲ್ಲಿ ಯಾರನ್ನು ಕೇಳಿದರೂ ರಾಜನ ಪಾತ್ರವೇ ಬೇಕು. ಗೆದ್ದೆನೆಂದು ನಾನು ಮಧ್ಯಾಹ್ನ ಒಂದು ಗಳಿಗೆ ಹೆಚ್ಚಿಗೇ ಅಡ್ಡಾದೆ. ಆ ವಾರವೇ ಅಧ್ಯಕ್ಷರು ಮತ್ತೆ ಕರೆಸಿದರು.

"ಇಲ್ಲಿ ಚಿಂತಿ ಇಲ್ಲ ಸರ್, ಪಾಠಕ್ಕ ಯಾರಾದ್ರೂ ನಡೀತಾರ. ಸಿರುಗುಪ್ಪದ ಮಂದಿ ನಮ್ಮೂರಾಗೂ ಆಡಸ್ರಿ ಅಂತ ಗಂಟುಬಿದ್ದಾರ. ಅದಕ್ಕ ನಿಮ್ಮಂಥವ್ರ ಬೇಕು."

ಜೂನ್ ತಿಂಗಳಿಂದ ನಾನು ಸಿರುಗುಪ್ಪದ ಕಾಲೇಜಿನಲ್ಲಿದ್ದೇನೆ.